ಹನ್ನೊಂದನೇ ಪುಟದ ವಾಕ್ಯ

ಮೀಟರಮ್ಮ ಅನ್ನುವ ಹೆಸರನ್ನು ಅವಳಿಗೆ ಇಟ್ಟವನು ಅವಳ ಸೋದರಮಾವ. ಐದು ವರ್ಷದವಳಿದ್ದಾಗ ಅವಳು ಗೇಟಿನ ಪಕ್ಕ ನೆಲದಲ್ಲಿ ಹೂತಿದ್ದ ನೀರಿನ ಮೀಟರಿನ ಮುಚ್ಚಳ ತೆಗೆದು, ಬೋರಲು ಮಲಗಿ, ಒಳಗಿನ ಪುಟ್ಟ ಚಕ್ರ ತಿರುಗುವುದನ್ನೇ ನೋಡುತ್ತಿದ್ದಳು. ಒಳಗೆ ಅಮ್ಮ ನಲ್ಲಿ ತಿರುಗಿಸಿದರೆ ಹೊರಗಿನಿಂದಲೇ ವರದಿ ಬರುತ್ತಿತ್ತು: "ಅಮ್ಮ ಪಾತ್ರೆ ತೊಳೀತಿದಾಳೆ. ಈಗ ನಿಲ್ಲಿಸಿದ್ಳು. ಮತ್ತೆ ಬಿಟ್ಳು."

"ಇವಳನ್ನ ನೀರಿನ ಇಲಾಖೆಗೇ ದತ್ತು ಕೊಟ್ಟುಬಿಡಕ್ಕಾ" ಅಂತ ಮಾವ ನಕ್ಕಿದ್ದ. ಅವತ್ತಿನಿಂದ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಕಾಲೇಜಿನಲ್ಲೂ ಅವಳು ಮೀಟರಮ್ಮನೇ ಆದಳು.

ಮಾವ ಅಂದರೆ ಅಮ್ಮನ ತಮ್ಮ. ಹೋಟೆಲು, ಆಸ್ಪತ್ರೆಗಳ ಹಾಸು, ಹೊದಿಕೆ, ಟವೆಲ್ಲುಗಳನ್ನು ಲಾರಿಗಟ್ಟಲೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಬಾಯ್ಲರ್ ಆಪರೇಟರು. ಶಾಲೆಗೆ ರಜೆ ಬಂದರೆ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದ. ಬಾಯ್ಲರಿನ ಮುಂದೆ ನಿಲ್ಲಿಸಿ, "ನೋಡು, ಈ ಮುಳ್ಳು ಕೆಂಪು ಗೆರೆ ದಾಟಿತೋ, ನಾವಿಬ್ರೂ ಟಿಕೆಟ್ ಇಲ್ಲದೆ ಮೇಲಕ್ಕೆ" ಅನ್ನುತ್ತಿದ್ದ. ಯಂತ್ರಕ್ಕೂ ಮನುಷ್ಯನಿಗೂ ಇರುವ ಸಂಬಂಧ ಏನು ಅಂತ ಅವಳಿಗೆ ಮೊದಲು ಗೊತ್ತಾದದ್ದು ಅಲ್ಲಿ. ಮಾವ ಬಾಯ್ಲರಿನ ಮೈಮೇಲೆ ಕೈಯಿಟ್ಟೇ, ಒಳಗೆ ಎಲ್ಲ ಸರಿಯಿದೆಯೋ ಇಲ್ಲವೋ ಅಂತ ಹೇಳಿಬಿಡುತ್ತಿದ್ದ.

ಹಾಗಾಗಿ ಅವಳು ಪರಿಸರ ಎಂಜಿನಿಯರಿಂಗ್ ಓದಿದ್ದು ಯಾರಿಗೂ ಆಶ್ಚರ್ಯ ಅನ್ನಿಸಲಿಲ್ಲ. ಆಶ್ಚರ್ಯವಾದದ್ದು ಓದು ಮುಗಿದ ಮೇಲೆ. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರಿಕೊಳ್ಳುತ್ತಿದ್ದರೆ, ಅವಳೂ ಅವಳ ಗೆಳತಿಯೂ ಸ್ವಂತ ಸಲಹಾ ಸಂಸ್ಥೆ ತೆರೆಯುತ್ತೇವೆ ಅಂತ ಪಟ್ಟು ಹಿಡಿದು ಕೂತರು. ಗೆಳತಿ ಮಾತಿನಲ್ಲಿ ಗಟ್ಟಿಗಿತ್ತಿ. ಕಾಲೇಜಿನಲ್ಲಿ ಅವಳು ಪರದೆಯ ಮೇಲೆ ತೋರಿಸುತ್ತಿದ್ದ ಬಣ್ಣಬಣ್ಣದ ಚಿತ್ರಪಟಗಳಿಗೆ ಮೇಷ್ಟ್ರುಗಳೇ ಮರುಳಾಗುತ್ತಿದ್ದರು. "ನೀನು ಅಳೆ, ನಾನು ಹೇಳ್ತೀನಿ" ಅಂತ ಇಬ್ಬರೂ ಕೆಲಸ ಹಂಚಿಕೊಂಡರು.

ಡ್ರೈವಿಂಗ್ ಸ್ಕೂಲಿನ ಪಕ್ಕದಲ್ಲಿ ಮೇಲ್ಮಹಡಿಯ ಒಂದು ಕೋಣೆ ಸಿಕ್ಕಿತು. ನಡುವೆ ಇದ್ದದ್ದು ಹಲಗೆಯ ಗೋಡೆ. ಇವರು ಯಾರ ಜೊತೆಗಾದರೂ ಫೋನಿನಲ್ಲಿ ಗಂಭೀರವಾಗಿ ಮಾತಾಡುತ್ತಿದ್ದರೆ ಆ ಕಡೆಯಿಂದ ಮೇಷ್ಟ್ರ ದನಿ: "ಎದುರಿಗೆ ಕೆಂಪು ದೀಪ ಇದೆ, ನೀವೇನ್ಮಾಡ್ತೀರಿ? ಹಾರನ್ ಹೊಡೀತೀರಾ?" ಬಾಗಿಲಿಗೆ 'ಸುಸ್ಥಿರತಾ ಸಲಹೆಗಾರರು' ಅಂತ ಬೋರ್ಡು ಹಾಕಿಸಿದರು. ಮೊದಲ ವಾರ ಬಂದ ಮೂವರಲ್ಲಿ ಇಬ್ಬರು ಅದನ್ನು ಸ್ಥಿರಾಸ್ತಿ ಅಂತ ಓದಿಕೊಂಡು ಸೈಟು ಮಾರಲು ಬಂದವರು. ಮೂರನೆಯವರು ಪಕ್ಕದ ಬಾಗಿಲಿಗೆ ಹೋಗಬೇಕಾದವರು.

ಮಗಳು ಮಾಡುವ ಕೆಲಸ ಏನು ಅಂತ ನೆರೆಯವರಿಗೆ ಹೇಳಲು ಅಮ್ಮ ಬಹಳ ಒದ್ದಾಡುತ್ತಿದ್ದಳು. ಕೊನೆಗೆ ಮೀಟರಮ್ಮನೇ ಬಾಯಿಪಾಠ ಮಾಡಿಸಿದಳು. "ಯಾವ ಜಾಗದಲ್ಲಿ ನೀರು, ಕರೆಂಟು, ಇಂಧನ ಎಷ್ಟು ಖರ್ಚಾಗ್ತಿದೆ, ಎಷ್ಟು ಸುಮ್ಮನೆ ಪೋಲಾಗ್ತಿದೆ, ಹೊರಗೆ ಎಷ್ಟು ಕೊಳೆ ಹೋಗ್ತಿದೆ ಅಂತ ಅಳೆದು ವರದಿ ಬರೀತೀವಿ. ಸರಿ ಮಾಡೋದು ಹೇಗೆ ಅಂತಲೂ ಹೇಳ್ತೀವಿ. ಮುಂದಿನವರಿಗೂ ಉಳಿಯೋ ಹಾಗೆ ಬದುಕೋದು, ಅಷ್ಟೇ."

"ಅದನ್ನ ನಮ್ಮಜ್ಜಿ ದುಡ್ಡಿಲ್ಲದೆ ಹೇಳ್ತಿದ್ಳು" ಅಂದಳು ಅಮ್ಮ.

ಏಳು ತಿಂಗಳು ಕೆಲಸವೇ ಸಿಗಲಿಲ್ಲ. ಕೈ ಪಳಗಲಿ ಅಂತ ಒಂದು ದಂತವೈದ್ಯರ ಆಸ್ಪತ್ರೆಗೂ ಒಂದು ಬೇಕರಿಗೂ ಪುಕ್ಕಟೆ ವರದಿ ಬರೆದುಕೊಟ್ಟರು. ಬೇಕರಿಯವನು ವರದಿಯ ದಪ್ಪ ಕಾಗದ ಮೆಚ್ಚಿಕೊಂಡ. ಫೋನು ಮಾಡಿದವರೆಲ್ಲ "ಎಲ್ಲಿ ಕೆಲಸ ಮಾಡಿದ ಅನುಭವ ಇದೆ?" ಅಂತ ಕೇಳುವರು. ಅನುಭವ ಬರಬೇಕಾದರೆ ಮೊದಲು ಯಾರಾದರೂ ಕೆಲಸ ಕೊಡಬೇಕಲ್ಲ ಅಂತ ಫೋನಿಟ್ಟ ಮೇಲೆ ಇಬ್ಬರೂ ಗೊಣಗುವರು. ಗೆಳತಿ ಮುಖ ಸಣ್ಣದು ಮಾಡಿಕೊಂಡು ಬರತೊಡಗಿದಳು. ಅವಳ ಮನೆಯಲ್ಲಿ ಬೇರೆ ಕೆಲಸ ನೋಡು ಅಂತ ದಿನಾ ಶುರುವಾಗಿತ್ತು.

ಅಂಥ ಹೊತ್ತಿನಲ್ಲಿ ಮಾವ ಒಂದು ಸಂಜೆ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟ. "ಮೀಟರಮ್ಮ, ನಮ್ಮ ಲಾಂಡ್ರಿಗೆ ನಿನ್ನಂಥವರು ಬೇಕಂತೆ ಕಣೇ. ಯಾವುದೋ ದೊಡ್ಡ ಹೋಟೆಲಿನವರು ಬಟ್ಟೆ ಕೊಡಬೇಕಾದ್ರೆ ಇಂಥದೊಂದು ವರದಿ ಬೇಕು ಅಂದಿದಾರೆ. ನಮ್ಮ ಸಾಹುಕಾರ್ರು ಯಾರನ್ನ ಕೇಳೋದು ಅಂತ ತಲೆ ಕೆರ್ಕೊಳ್ತಿದ್ರು. ನನ್ನ ಅಕ್ಕನ ಮಗಳಿದಾಳೆ ಸಾರ್, ಓದಿರೋದೇ ಅದನ್ನ ಅಂದೆ."

ಅಮ್ಮನ ಕಣ್ಣು ತುಂಬಿತು. ಮೀಟರಮ್ಮ ಅವತ್ತು ಮಾವನ ಕೈ ಹಿಡಿದುಕೊಂಡು, "ಬಾಯ್ಲರ್ ಹೇಗಿದೆ?" ಅಂತ ಕೇಳಿದಳು.

"ನಿನ್ನ ನೆನೆಸ್ಕೊಂಡು ಅಳ್ತಿದೆ" ಅಂದ ಅವನು.

ಲಾಂಡ್ರಿಯ ಮಾಲೀಕರು ಸಣ್ಣ ದನಿಯ, ನಯವಾದ ಮನುಷ್ಯ. ಇಬ್ಬರನ್ನೂ ಕೂರಿಸಿ ಚಹಾ ತರಿಸಿದರು. ಎಲ್ಲ ಕೋಣೆಯ ಬಾಗಿಲು ತೆರೆದಿಡಿ ಅಂತ ಮ್ಯಾನೇಜರಿಗೆ ಹೇಳಿದರು. ನಾಲ್ಕು ದಿನ ಅಳತೆ. ಮೀಟರಮ್ಮ ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಪಾಳಿ ಮುಗಿಯುವ ತನಕ ಪೈಪುಗಳ ಹಿಂದೆಯೇ ಓಡಾಡುವಳು. ಒಂಬತ್ತು ವಾಷಿಂಗ್ ಮೆಷಿನ್ನುಗಳು, ಒಂದೊಂದೂ ಸಣ್ಣ ಕೋಣೆಯಷ್ಟು. ಅವುಗಳಾಚೆ ಬಟ್ಟೆ ಒಣಗಿಸುವ ಡಬ್ಬಿಗಳು, ಆಮೇಲೆ ಇಸ್ತ್ರಿಯ ಉದ್ದನೆ ರೋಲರು. ರೋಲರಿನ ಎರಡೂ ಕಡೆ ಹೆಂಗಸರು ಹಾಸುಗಳ ಮೂಲೆ ಹಿಡಿದು ಎಳೆಯುತ್ತ ನಿಂತಿರುತ್ತಿದ್ದರು. ಹಬೆಗೆ ಎಲ್ಲರ ಮುಖವೂ ಕೆಂಪು. ಇವಳ ಕೈಯಲ್ಲಿದ್ದ ಯಂತ್ರ ನೋಡಿ ಒಬ್ಬಳು, "ನಮ್ಮ ಬೆವರನ್ನೂ ಅಳೀರಿ ಮೇಡಂ, ಅದೂ ಇಲ್ಲೇ ಪೋಲಾಗ್ತಿದೆ" ಅಂದಳು. ಉಳಿದವರು ನಕ್ಕರು.

ಎರಡನೇ ದಿನವೇ ಅವಳ ನಿದ್ದೆ ಕೆಟ್ಟಿತು. ಒಳಗೆ ಬರುವ ನೀರನ್ನು ಅಳೆದಿದ್ದಳು. ಹಬೆಯಾಗಿ ಹೋಗುವುದು, ಬಟ್ಟೆಯಲ್ಲಿ ಒಣಗಿ ಹೋಗುವುದು ಎಷ್ಟು ಅಂತ ತೆಗೆದಿದ್ದಳು. ಉಳಿದ ಕೊಳೆನೀರೆಲ್ಲ ಹಿತ್ತಲಿನ ಶುದ್ಧೀಕರಣ ತೊಟ್ಟಿಗೆ ಹೋಗಿ, ತಿಳಿಯಾಗಿ ಹೊರಗೆ ಹೋಗಬೇಕು. ಆದರೆ ತೊಟ್ಟಿಯಿಂದ ಹೊರಗೆ ಹೋಗುತ್ತಿದ್ದದ್ದು ಹೋಗಬೇಕಾದುದರ ಅರ್ಧದಷ್ಟು ಮಾತ್ರ. ಮೀಟರು ಕೆಟ್ಟಿರಬೇಕು ಅಂತ ಬದಲಾಯಿಸಿದಳು. ಅಷ್ಟೇ ಬಂತು. ನೆಲದೊಳಗೆ ಸೋರುತ್ತಿರಬೇಕು ಅಂತ ಗೋಡೆಗುಂಟ ನಡೆದಳು. ಹಿಂದಿನ ಗೋಡೆಯ ಆಚೆ ಮಳೆನೀರಿನ ಚರಂಡಿ. ಮಳೆ ಬಂದು ತಿಂಗಳಾಗಿತ್ತು, ಆದರೂ ಚರಂಡಿಯಲ್ಲಿ ನೀರು ಹರಿಯುತ್ತಿತ್ತು, ಮೇಲೆ ಬಿಳಿ ನೊರೆ. ಬಗ್ಗಿ ಕೈಯಿಟ್ಟಳು. ಬೆಚ್ಚಗಿತ್ತು.

ಪೈಪನ್ನು ಹಿಡಿದುಕೊಂಡು ಹಿಂದೆ ಹಿಂದೆ ಬಂದರೆ ತೊಟ್ಟಿಯ ಪಕ್ಕದಲ್ಲಿ ಒಂದು ವಾಲ್ವು. ಅದರ ಚಕ್ರದ ಬಣ್ಣ ಸವೆದು ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ದಿನವೂ ಕೈ ಆಡುವ ಜಾಗ ಮಾತ್ರ ಹಾಗೆ ಹೊಳೆಯುತ್ತದೆ. ಅವಳು ಅದನ್ನು ನೋಡುತ್ತ ನಿಂತಿರುವಾಗಲೇ ಮಾವ ಬಂದ. ಕೈಯಲ್ಲಿ ಬಟ್ಟೆಯ ತುಂಡು. ಅದನ್ನು ಚಕ್ರಕ್ಕೆ ಸುತ್ತಿ, ನಾಲ್ಕು ಸುತ್ತು ತಿರುಗಿಸಿದ. ಪೈಪಿನೊಳಗೆ ಧಡಧಡ ಅಂತ ನೀರು ಹೋಯಿತು.

"ಮಾವ, ಇದು ಎಲ್ಲಿಗೆ ಹೋಗುತ್ತೆ?"

"ಹೊರಗೆ" ಅಂದ, ಏನೂ ಮುಚ್ಚಿಡದೆ. "ತೊಟ್ಟಿ ತುಂಬಿದಾಗ ಬಿಡ್ತೀನಿ. ಇಲ್ಲದಿದ್ರೆ ಉಕ್ಕಿ ಇಸ್ತ್ರಿ ಹೆಂಗಸರ ಕಾಲಡಿಗೆ ಬರುತ್ತೆ. ಹಿಂದೆ ಒಂದ್ಸಲ ಒಬ್ಳು ಜಾರಿ ಬಿದ್ದು ಸೊಂಟ ಮುರ್ಕೊಂಡ್ಳು."

"ಯಾರು ಹೇಳಿದ್ದು ಹೀಗೆ ಬಿಡು ಅಂತ?"

"ಹೇಳೋದೇನು ಬಂತು. ಐದನೇ ಮೆಷಿನ್ ಬಂದಾಗ ಮ್ಯಾನೇಜರು ಬಂದು ವಾಲ್ವ್ ತೋರಿಸಿ ಹೋದ್ರು. ಆಮೇಲೆ ಮೆಷಿನ್ನು ಬರ್ತಾನೇ ಇದಾವೆ." ಅವಳ ಮುಖ ನೋಡಿ, "ಯಾಕೆ, ತಪ್ಪಾ ಇದು?" ಅಂತ ಕೇಳಿದ.

ಅವಳು ಏನೋ ಗೊಣಗಿ ಜಾರಿಕೊಂಡಳು. ಆ ಪ್ರಶ್ನೆಗೆ ಅವತ್ತೇ ಅಲ್ಲೇ ಉತ್ತರ ಕೊಟ್ಟಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು ಅಂತ ಆಮೇಲೆ ಎಷ್ಟೋ ಸಲ ಅವಳಿಗೆ ಅನ್ನಿಸಿದೆ.

ಕೋಣೆಗೆ ಬಂದು ಗೆಳತಿಗೆ ಹೇಳಿದಾಗ ಅವಳು ಎದ್ದು ಬಾಗಿಲು ಮುಚ್ಚಿ ಬಂದಳು. ಆಮೇಲೆ, "ನಯವಾಗಿ ಬರೆಯೋಣ" ಅಂದಳು. "ತೊಟ್ಟಿಯನ್ನ ದೊಡ್ಡದು ಮಾಡಿದ್ರೆ ಒಳ್ಳೇದು ಅಂತ ಸಲಹೆ ಕೊಡೋಣ. ಬುದ್ಧಿ ಇರೋರಿಗೆ ಅಷ್ಟು ಸಾಕು."

"ಬಿಸಿ ಸೋಪಿನ ನೀರು ನೇರ ಚರಂಡಿಗೆ ಹೋಗ್ತಿದೆ. ಆ ಚರಂಡಿ ಹೊಳೆಗೆ ಸೇರುತ್ತೆ. ಅದನ್ನ ನುಂಗ್ಕೊಂಡು ಸಲಹೆ ಬರೆದ್ರೆ ನಾವ್ಯಾಕೆ ಬೇಕು, ಬೋರ್ಡ್ ಬರೆದವನೇ ಸಾಕು."

"ಮೊದಲನೇ ಕೆಲಸ ಕಣೇ. ಅದೂ ನಿನ್ನ ಮಾವ ಕೊಡಿಸಿದ್ದು."

"ಅದಕ್ಕೇ ಸುಳ್ಳು ಬರೀಬಾರದು. ನಾಳೆ ಗೊತ್ತಾದ್ರೆ ಮಾವನ ಮಾತಿಗೆ ಕುತ್ತು."

ಮಾವನ ಹೆಸರನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದಾಡಿದರೇ ಹೊರತು, ಆ ವರದಿಯಿಂದ ಮಾವನಿಗೇ ಏನಾಗಬಹುದು ಅಂತ ಯೋಚಿಸಲಿಲ್ಲ. ಕೊನೆಗೆ ಮೀಟರಮ್ಮನ ಹಟವೇ ಗೆದ್ದಿತು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಕೇಳಿದ್ದನ್ನು ಬರೆಯಬಾರದು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಮ್ಯಾನೇಜರು ವಾಲ್ವ್ ತೋರಿಸಿದ್ದನ್ನು ಅವಳು ಕಂಡಿರಲಿಲ್ಲ, ಕೇಳಿದ್ದಳು. ಮಾವ ತಿರುಗಿಸಿದ್ದನ್ನು ಕಂಡಿದ್ದಳು. ಹಾಗಾಗಿ ಹನ್ನೊಂದನೇ ಪುಟದಲ್ಲಿ ಅವಳು ಬರೆದ ವಾಕ್ಯ ಹೀಗಿತ್ತು: "ತೊಟ್ಟಿ ತುಂಬಿದಾಗ ಬಾಯ್ಲರ್ ಆಪರೇಟರ್ ಪಕ್ಕದ ವಾಲ್ವನ್ನು ತೆರೆದು ಶುದ್ಧೀಕರಿಸದ ನೀರನ್ನು ಮಳೆನೀರಿನ ಚರಂಡಿಗೆ ಬಿಡುತ್ತಾರೆ, ಭೇಟಿಯ ಅವಧಿಯಲ್ಲಿ ಇದನ್ನು ಏಳು ಬಾರಿ ಕಂಡೆವು." ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಎಷ್ಟು ಚೊಕ್ಕ ಬರೆದೆ ಅಂತ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ವರದಿ ಕೊಡುವ ಎರಡು ದಿನ ಮುಂಚೆ ಮಾವನ ಮನೆಗೆ ಊಟಕ್ಕೆ ಹೋಗಿದ್ದಳು. ಹೇಳಿಬಿಡಬೇಕು ಅಂದುಕೊಂಡೇ ಹೋದದ್ದು. ಅತ್ತೆ ಪಕ್ಕದಲ್ಲಿ ಕೂತು ಬಡಿಸಿದಳು. "ನಿನ್ನ ಮಾವ ಇಡೀ ಲಾಂಡ್ರಿಗೆ ಹೇಳ್ಕೊಂಡು ತಿರುಗ್ತಿದಾರೆ, ನನ್ನ ಸೊಸೆ ಬಂದು ಅಳೀತಿದಾಳೆ ಅಂತ" ಅಂದಳು. ಮಾವ ಮೀಸೆಯಲ್ಲೇ ನಗುತ್ತ ಕೂತಿದ್ದ. ಆ ನಗುವನ್ನು ಕೆಡಿಸಲು ಅವಳಿಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂತ ಕೈ ತೊಳೆದುಕೊಂಡು ಎದ್ದಳು. ಮರುದಿನ ವರದಿಯ ಅಚ್ಚಿನ ಗಡಿಬಿಡಿ. ಅದರ ಮರುದಿನ ವರದಿ ಮಾಲೀಕರ ಮೇಜಿನ ಮೇಲಿತ್ತು.

ಮಾಲೀಕರು ಕೂಗಾಡಲಿಲ್ಲ. ಹನ್ನೊಂದನೇ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಒಳ್ಳೆ ಕೆಲಸ ಮಾಡಿದ್ದೀರಿ" ಅಂದರು. "ನಮ್ಮ ಮೂಗಿನ ಕೆಳಗೇ ನಡೀತಿದ್ದದ್ದು ನಮಗೇ ಗೊತ್ತಿರಲಿಲ್ಲ. ತಕ್ಷಣ ಸರಿಪಡಿಸ್ತೀವಿ." ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಮೆಟ್ಟಿಲಿಳಿಯುತ್ತ ಗೆಳತಿ ಇವಳ ಭುಜ ತಟ್ಟಿ, "ನೀನೇ ಸರಿ ಮಾರಾಯ್ತಿ" ಅಂದಳು.

ಐದನೇ ದಿನ ಹೋಟೆಲಿನ ಖರೀದಿ ಅಧಿಕಾರಿಯಿಂದ ಮೇಲ್ ಬಂತು. ವರದಿಯ ಪ್ರಾಮಾಣಿಕತೆ ಮೆಚ್ಚುಗೆಯಾಯಿತು, ಇನ್ನೆರಡು ಕಡೆಯ ಕೆಲಸದ ಬಗ್ಗೆ ಮಾತಾಡೋಣ ಅಂತ ಆಕೆ ಬರೆದಿದ್ದರು. ಜೊತೆಗೆ ಲಾಂಡ್ರಿಯವರು ಹೋಟೆಲಿಗೆ ಬರೆದ ಪತ್ರದ ಪ್ರತಿಯನ್ನೂ ಕಳಿಸಿದ್ದರು. ಗೆಳತಿ ಕುಣಿಯುವ ದನಿಯಲ್ಲಿ ಅದನ್ನು ಓದತೊಡಗಿದಳು. "ಸಲಹೆಗಾರರು ತಮ್ಮ ವರದಿಯ ಹನ್ನೊಂದನೇ ಪುಟದಲ್ಲಿ ಗುರುತಿಸಿದಂತೆ, ಈ ಲೋಪ ಬಾಯ್ಲರ್ ಆಪರೇಟರರ ನಿರ್ಲಕ್ಷ್ಯದಿಂದ ಆಗಿದೆ. ಸದರಿಯವರನ್ನು ಕೆಲಸದಿಂದ ತೆಗೆಯಲಾಗಿದೆ. ವಾಲ್ವಿಗೆ ಬೀಗ ಹಾಕಲಾಗಿದೆ. ಚಿತ್ರ ಲಗತ್ತಿಸಿದೆ." ಓದುತ್ತ ಓದುತ್ತ ಅವಳ ದನಿ ಇಳಿಯಿತು.

ಹಲಗೆಯ ಆಚೆ ಮೇಷ್ಟ್ರು ಯಾರಿಗೋ ಕ್ಲಚ್ ನಿಧಾನಕ್ಕೆ ಬಿಡೋದು ಹೇಗೆ ಅಂತ ಹೇಳುತ್ತಿದ್ದರು. ಮೀಟರಮ್ಮ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಓದಿದಳು. ಅಷ್ಟರಲ್ಲಿ ಅಮ್ಮನ ಫೋನು.

"ನಿನ್ನ ಮಾವ ನಾಲ್ಕು ದಿನದಿಂದ ಮನೇಲಿದಾನಂತೆ. ನಿನಗೆ ಗೊತ್ತಿತ್ತಾ?"

ಮನೆಗೆ ಹೋಗಿ ವರದಿಯನ್ನು ಅಮ್ಮನ ಮುಂದೆ ಇಟ್ಟಳು. ಅಮ್ಮ ಆ ವಾಕ್ಯದ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಓದಿದಳು. "ಆ ಲಾಂಡ್ರಿಯಲ್ಲಿ ಬಾಯ್ಲರ್ ಆಪರೇಟರು ಎಷ್ಟು ಜನ?"

"ಒಬ್ರೇ."

"ಹಾಗಿದ್ಮೇಲೆ ಹೆಸರೇ ಬರೆದುಬಿಡಬಹುದಿತ್ತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅಮ್ಮ ಅಷ್ಟು ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮಾರನೆಯ ಬೆಳಗ್ಗೆ ಮಾವನ ಮನೆಯಲ್ಲಿ ಅತ್ತೆ ಬಾಗಿಲು ತೆರೆದವಳೇ ಬಾ ಅಂತಲೂ ಅನ್ನದೆ ಒಳಗೆ ಹೋದಳು. ಮಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಕೆಲಸದ ದಿನ ಬೆಳಗ್ಗೆ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸುಮ್ಮನೆ ಕೂತ ಮಾವನನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಮಾವ, ನಾನು ಹಾಗಂತ ಬರೀಲಿಲ್ಲ. ನಿರ್ಲಕ್ಷ್ಯ ಅನ್ನೋ ಪದ ನಂದಲ್ಲ."

"ಗೊತ್ತು. ನೀನು ನೋಡಿದ್ದನ್ನ ಬರೆದೆ. ನಾನು ತಿರುಗಿಸಿದ್ದು ನಿಜ ತಾನೇ?"

"ಮ್ಯಾನೇಜರು ಹೇಳಿದ್ದು ಅಂತ ಯಾಕೆ ಹೇಳಲಿಲ್ಲ ನೀನು?"

"ಹೇಳಿದೆ. ಅವರು ನನ್ನ ಮುಖ ನೋಡದೆ, ಹಾಗೇನೂ ಇಲ್ಲ ಅಂದ್ರು. ಪಾಪ, ಅವರಿಗೂ ಮಕ್ಕಳಿದಾವೆ." ಅಂಗಿಯ ತೋಳು ಸರಿಪಡಿಸಿಕೊಂಡ. "ಸಾಹುಕಾರ್ರು ನಿನ್ನ ಪುಸ್ತಕ ತೆಗೆದು ನನ್ನ ಮುಂದೆ ಇಟ್ರು. ಓದು ಅಂದ್ರು. ಕೆಳಗೆ ನಿನ್ನ ಸಹಿ ಇತ್ತು. ನನಗೆ ಆಮೇಲೆ ಮಾತೇ ಹೊರಡಲಿಲ್ಲ ಕಣೇ."

ಒಳಗಿನಿಂದ ಅತ್ತೆಯ ದನಿ ಬಂತು. "ಇಲ್ಲೇ ಕೂತು ಉಂಡು ಹೋದ್ಯಲ್ಲ. ಆಗಲೇ ಬರೆದಾಗಿತ್ತಲ್ವಾ?"

ಮೀಟರಮ್ಮ ತಲೆ ತಗ್ಗಿಸಿದಳು. ಮಾವ ಅತ್ತೆಯನ್ನು ಸುಮ್ಮನಿರು ಅನ್ನಲಿಲ್ಲ. "ಒಂದು ಮಾತು ಮುಂಚೆ ಹೇಳಿದ್ರೆ ಸಾಕಿತ್ತು" ಅಂದ. "ವಾಲ್ವ್ ಮುಟ್ಟಲ್ಲ ಅಂತ ನಾನೇ ಹೇಳಿ ಬಿಟ್ಟು ಬರ್ತಿದ್ದೆ. ಕೆಲಸ ಆಗಲೂ ಹೋಗ್ತಿತ್ತು. ಆದ್ರೆ ಗೇಟಿನವರೆಗೆ ನಡೆಯೋದು ಬೇರೆ ಥರ ಇರ್ತಿತ್ತು."

ಅಲ್ಲಿಂದ ಬಂದವಳು ವರದಿಯನ್ನು ಮೊದಲ ಪುಟದಿಂದ ಓದತೊಡಗಿದಳು. ಮಾವ ಹೇಳಿದ್ದಕ್ಕೆ ಕಾಗದದ ಸಾಕ್ಷಿ ಇರಲಿಲ್ಲ, ಮ್ಯಾನೇಜರು ಒಪ್ಪುವುದಿಲ್ಲ. ಇಸ್ತ್ರಿ ಹೆಂಗಸರನ್ನು ಎಳೆದು ತಂದರೆ ಅವರ ಕೆಲಸಕ್ಕೂ ಸಂಚಕಾರ. ಎರಡು ದಿನ ಹಾಗೇ ತಲೆ ಕೆಡಿಸಿಕೊಂಡು ಕೂತಳು. ಮೂರನೇ ದಿನ ಬೆಳಗ್ಗೆ ಆರನೇ ಪುಟದಲ್ಲಿ ಅವಳೇ ಬರೆದಿದ್ದ ಅಂಕಿಗಳು ಕಣ್ಣಿಗೆ ಬಿದ್ದವು. ತೊಟ್ಟಿ ಕಟ್ಟಿದ್ದು ನಾಲ್ಕು ಮೆಷಿನ್ನಿನ ನೀರಿಗೆ. ಈಗ ಓಡುತ್ತಿರುವುದು ಒಂಬತ್ತು. ಆರನೇ ಪುಟದಲ್ಲಿ ಅದನ್ನು ಬರೆದವಳಿಗೆ, ಹನ್ನೊಂದನೇ ಪುಟ ಬರೆಯುವಾಗ ಅದು ನೆನಪಿಗೇ ಬಂದಿರಲಿಲ್ಲ. ಒಂಬತ್ತು ಮೆಷಿನ್ನು ಓಡಿದರೆ ಮಧ್ಯಾಹ್ನದೊಳಗೆ ತೊಟ್ಟಿ ತುಂಬಲೇಬೇಕು. ಬಾಯ್ಲರಿನ ಹತ್ತಿರ ಯಾರನ್ನೇ ನಿಲ್ಲಿಸಿದರೂ, ಒಂದೋ ವಾಲ್ವು ತೆರೆಯಬೇಕು, ಇಲ್ಲವೇ ನೀರನ್ನು ಹೆಂಗಸರ ಕಾಲಿಗೆ ಬಿಡಬೇಕು. ಮೆಷಿನ್ನುಗಳನ್ನು ತರಿಸಿದ್ದು ಬಾಯ್ಲರ್ ಆಪರೇಟರಲ್ಲ.

ಅವಳು ಎರಡು ಪುಟದ ತಿದ್ದುಪಡಿ ಬರೆದಳು. ಈ ಅಂಕಿಗಳನ್ನು ಬರೆದಳು. ವಾಲ್ವನ್ನು ತೋರಿಸಿಕೊಟ್ಟದ್ದು ಮ್ಯಾನೇಜರು ಅಂತ ಆಪರೇಟರು ಅಳತೆಯ ದಿನವೇ ತನಗೆ ಹೇಳಿದ್ದರೆಂದೂ, ಅದನ್ನು ಬರೆಯದೆ ಬಿಟ್ಟದ್ದು ತನ್ನ ತಪ್ಪೆಂದೂ ಬರೆದಳು. ಆಪರೇಟರು ತನ್ನ ಸೋದರಮಾವ ಅನ್ನುವುದನ್ನೂ ಬರೆದಳು.

"ಕೊನೇದನ್ನ ತೆಗಿ" ಅಂದಳು ಗೆಳತಿ. "ಮಾವನ್ನ ಉಳಿಸೋಕೆ ವರದಿ ತಿರುಚಿದ್ಳು ಅಂತಾರೆ."

"ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ?"

"ಇದನ್ನ ಕೊಟ್ರೆ ನಾವು ಬರೆದದ್ದನ್ನ ನಾವೇ ನುಂಗಿದ ಹಾಗೆ. ಇನ್ಯಾರು ಕರೀತಾರೆ ನಮ್ಮನ್ನ? ಹೋಟೆಲಿನವರು ಎರಡು ಕೆಲಸ ಕೈಯಲ್ಲಿ ಹಿಡ್ಕೊಂಡು ನಿಂತಿದಾರೆ." ಅವಳ ಕಣ್ಣಲ್ಲಿ ನೀರಿತ್ತು. "ನಿನ್ನ ಮಾವನ ಬಗ್ಗೆ ನನಗೂ ಸಂಕಟ ಇದೆ. ಆದ್ರೆ ನಾನು ಸಹಿ ಹಾಕಲ್ಲ."

ಇಬ್ಬರೂ ಜಗಳವಾಡಲಿಲ್ಲ. ಮಾರನೆಯ ವಾರ ಗೆಳತಿ ತನ್ನ ಪುಸ್ತಕಗಳನ್ನು ಎರಡು ಡಬ್ಬಿಗೆ ತುಂಬಿಕೊಂಡು, ಕುಂಡದ ಗಿಡವೊಂದನ್ನು ಬಿಟ್ಟು ಹೋದಳು. ದೊಡ್ಡ ಕಂಪನಿಯೊಂದರಲ್ಲಿ ಅದೇ ಸುಸ್ಥಿರತೆಯ ವಿಭಾಗದಲ್ಲಿ ಕೆಲಸ ಸಿಕ್ಕಿತು ಅಂತ ಆಮೇಲೆ ಗೊತ್ತಾಯಿತು.

ಮೀಟರಮ್ಮ ಒಬ್ಬಳೇ ಸಹಿ ಹಾಕಿ, ತಿದ್ದುಪಡಿಯನ್ನು ಮೊದಲು ಮಾಲೀಕರಿಗೆ ಕೊಟ್ಟಳು. ಈ ಸಲ ಅವರು ಚಹಾ ತರಿಸಲಿಲ್ಲ. "ನಿಮ್ಮಂಥ ಮಕ್ಕಳಿಗೆ ಅವಕಾಶ ಕೊಟ್ಟದ್ದು ನನ್ನ ತಪ್ಪು" ಅಂತ ಅದೇ ಸಣ್ಣ ದನಿಯಲ್ಲಿ ಹೇಳಿದರು. ಅಲ್ಲಿಂದ ಹೋಟೆಲಿಗೆ ಹೋದಳು. ಖರೀದಿ ಅಧಿಕಾರಿ ಐವತ್ತು ದಾಟಿದ ಹೆಂಗಸು. ಎರಡು ಪುಟವನ್ನೂ ಓದಿ, ಪೆನ್ಸಿಲಿನಿಂದ ಅಂಕಿಗಳನ್ನು ತಾವೇ ಕೂಡಿಸಿ ನೋಡಿದರು.

"ಲೆಕ್ಕ ಸರಿಯಿದೆ" ಅಂದರು. "ಅದು ಸರಿ ಅಂತ ಗೊತ್ತಾಗೋಕೆ ನಿಮಗೆ ಒಬ್ಬರ ಕೆಲಸ ಹೋಗಬೇಕಾಯ್ತಲ್ಲಮ್ಮ."

ಅವರು ಪೆನ್ಸಿಲ್ ಕೆಳಗಿಟ್ಟರು.

"ಅವರನ್ನ ವಾಪಸ್ ತಗೊಳ್ಳಿ ಅಂತ ನಾನು ಹೇಳೋ ಹಾಗಿಲ್ಲ. ತೊಟ್ಟಿ ಕಟ್ಟಿಸಿ ಅಂತ ಹೇಳಬಹುದು. ಆ ನಿರ್ಲಕ್ಷ್ಯದ ಮಾತನ್ನ ವಾಪಸ್ ತಗೊಳ್ಳಿ ಅಂತ ಹೇಳಬಹುದು. ಅಷ್ಟು ಮಾಡ್ತೀನಿ." ಇನ್ನೆರಡು ಕೆಲಸದ ಮಾತು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಆರು ತಿಂಗಳಲ್ಲಿ ಎರಡನೇ ತೊಟ್ಟಿ ಎದ್ದಿತು. ಮೀಟರಮ್ಮ ಒಂದು ದಿನ ಗೋಡೆಯ ಆಚೆ ಹೋಗಿ ನೋಡಿ ಬಂದಳು. ಚರಂಡಿ ಒಣಗಿ, ತಳದಲ್ಲಿ ಪುಡಿ ಮಣ್ಣು ಕಾಣುತ್ತಿತ್ತು. ಅವಳು ಓದಿದ್ದಕ್ಕೆ, ಬೋರ್ಡು ಹಾಕಿದ್ದಕ್ಕೆ ಅದೇ ಫಲ. ಆದರೆ ಅದನ್ನು ನೋಡಿ ಸಂತೋಷ ಪಡಲು ಆಗಲಿಲ್ಲ. ಪಡಬಾರದು ಅನ್ನುವುದಕ್ಕೂ ಆಗಲಿಲ್ಲ. ಸ್ವಲ್ಪ ಹೊತ್ತು ನಿಂತು ವಾಪಸ್ಸಾದಳು.

ಮಾವನಿಗೆ ಲಾಂಡ್ರಿಯಿಂದ ಒಂದು ಸಾಲಿನ ಪತ್ರ ಬಂತು, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ ಅಂತ. ಅದನ್ನು ತೋರಿಸಿ ದೂರದ ಆಸ್ಪತ್ರೆಯೊಂದರ ಬಾಯ್ಲರ್ ಮನೆಗೆ ಸೇರಿದ. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಅಲ್ಲಿ ಅವನು ಆಪರೇಟರಲ್ಲ, ಸಹಾಯಕ. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬ ಮೇಲಿನವನು. "ಹುಡುಗ ಒಳ್ಳೆಯವನು, ಮುಳ್ಳು ನೋಡೋದು ಮಾತ್ರ ಇನ್ನೂ ಬಂದಿಲ್ಲ" ಅಂತ ಅಮ್ಮನ ಹತ್ತಿರ ಹೇಳಿದನಂತೆ. ಮನೆಗೆ ಬರುತ್ತಾನೆ, ಇವಳ ಹತ್ತಿರ ಮಾತಾಡುತ್ತಾನೆ, ಊಟ ಆಯ್ತಾ ಅಂತ ಕೇಳುತ್ತಾನೆ. ಕೆಲಸ ಹೇಗೆ ನಡೀತಿದೆ ಅಂತ ಮಾತ್ರ ಕೇಳುವುದಿಲ್ಲ. ಅತ್ತೆ ಬರುವುದೇ ಇಲ್ಲ.

ಒಂದು ಸಲ ಅವಳೇ ಧೈರ್ಯ ಮಾಡಿದಳು. "ಮಾವ, ನೀನು ನನ್ನ ಜೊತೆ ಬಾ. ಯಂತ್ರದ ಮೈ ಮುಟ್ಟಿ ಹೇಳೋರು ನನಗೆ ಬೇಕು. ನಾನು ಅಳೆದದ್ದು ಅರ್ಧ ಮಾತ್ರ."

ಮಾವ ಚಹಾ ಲೋಟ ಕೆಳಗಿಟ್ಟ. "ನಿನ್ನ ಹಿಂದೆ ಪುಸ್ತಕ ಹಿಡ್ಕೊಂಡು ನಾನು ಬಂದ್ರೆ, ಅಲ್ಲಿ ನನ್ನಂಥವನು ಒಬ್ಬ ಇರ್ತಾನಲ್ಲ, ಅವನು ನನ್ನನ್ನ ನಂಬಿ ಬಾಯಿ ಬಿಡ್ತಾನೆ. ಆಮೇಲೆ?" ಅಂದ. "ಬೇಡ ಕಣೇ." ಕೋಪದಿಂದ ಹೇಳಲಿಲ್ಲ. ಅದಕ್ಕೇ ಅವಳು ಎರಡನೇ ಸಲ ಕೇಳಲಿಲ್ಲ.

ಸಂಸ್ಥೆ ಮುಚ್ಚಲಿಲ್ಲ, ಬೆಳೆಯಲೂ ಇಲ್ಲ. ಲಾಂಡ್ರಿಯ ಮಾಲೀಕರು ತಮ್ಮ ಬಳಗದವರಿಗೆಲ್ಲ ಹೇಳಿದ್ದರೋ ಏನೋ, ಹಲವು ಗೇಟುಗಳು ಅವಳ ಹೆಸರು ಕೇಳಿದ ಕೂಡಲೇ ಮುಚ್ಚಿಕೊಂಡವು. ವಾರಕ್ಕೆ ಮೂರು ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ನೀರಿನ ಮಾದರಿ ಪರೀಕ್ಷೆ ಮಾಡುತ್ತಾಳೆ. ಉಳಿದ ದಿನ ಬಾಗಿಲು ತಟ್ಟುತ್ತಾಳೆ. ಬಿಡಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಬಿಟ್ಟರೆ ಮಾವನ ಕೆಲಸ ಯಾವುದಕ್ಕೂ ಅಲ್ಲದೆ ಹೋದ ಹಾಗೆ ಅನ್ನಿಸಿ ಮತ್ತೆ ಬ್ಯಾಗು ಹೆಗಲಿಗೇರಿಸುತ್ತಾಳೆ.

ಈಗ ಅವಳು ವರದಿಯನ್ನು ಮಾಲೀಕರಿಗೆ ಕೊಡುವ ಮುಂಚೆ, ಅದರಲ್ಲಿ ಯಾರ ಕೆಲಸದ ಬಗ್ಗೆ ಬರೆದಿರುತ್ತಾಳೋ ಅವರನ್ನು ಕೂರಿಸಿಕೊಂಡು ಆ ಭಾಗ ಓದಿ ಹೇಳುತ್ತಾಳೆ. ಯಾರು ಮಾಡಿದರು ಅಂತ ಬರೆದ ಕಡೆಯಲ್ಲೆಲ್ಲ, ಯಾರು ಮಾಡಿಸಿದರು, ಯಾಕೆ ಮಾಡಬೇಕಾಯಿತು ಅಂತಲೂ ಬರೆಯುತ್ತಾಳೆ. ಎಲ್ಲರೂ ಮೆಚ್ಚುವುದಿಲ್ಲ. ಒಬ್ಬಳು ಇಡೀ ಪುಟ ಹರಿಯಿರಿ ಅಂತ ಅತ್ತಿದ್ದಾಳೆ. ಒಬ್ಬ ಮಾಲೀಕರು, ಆಳುಗಳಿಗೆ ಮೊದಲು ತೋರಿಸುವ ವರದಿ ನನಗೆ ಬೇಡ ಅಂತ ವಾಪಸ್ಸು ಕಳಿಸಿದ್ದಾರೆ.

ಹೋದ ತಿಂಗಳು ಒಂದು ಮಂಜುಗಡ್ಡೆ ಕಾರ್ಖಾನೆಗೆ ಹೋಗಿದ್ದಳು. ಅಲ್ಲಿನ ಕಂಪ್ರೆಸರ್ ನೋಡಿಕೊಳ್ಳುವವನು ಮಧ್ಯವಯಸ್ಸಿನ, ಮಾತು ಕಮ್ಮಿಯ ಮನುಷ್ಯ. ಅವಳು ಗೋಣಿಚೀಲದ ಮೇಲೆ ಅವನ ಎದುರಿಗೆ ಕೂತು, ಅವನ ಕೆಲಸದ ಬಗ್ಗೆ ಬರೆದ ನಾಲ್ಕು ವಾಕ್ಯ ಓದಿದಳು. ಅವನು ನೆಲ ನೋಡುತ್ತ ಕೇಳಿದ.

"ಇದು ಸಾಹೇಬರ ಕೈಗೆ ಹೋಗುತ್ತಾ?"

"ಹೋಗುತ್ತೆ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮೂರನೇದನ್ನ ಇನ್ನೊಂದ್ಸಲ ಓದಿ" ಅಂದ. "ಸ್ವಲ್ಪ ನಿಧಾನಕ್ಕೆ."

ಅವಳು ಓದಿದಳು.